ಟಾಲುಯೀನ್ 107ಕ್ಕೇ ಕುದಿಯಿತು, ತಪ್ಪು ಎಲ್ಲಿ?

ಪ್ರಶ್ನೆ: ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಪ್ರಯೋಗಾಲಯದಲ್ಲಿ ಟಾಲುಯೀನ್ ಎಂಬ ದ್ರವದ ಕುದಿಬಿಂದು 107 ಡಿಗ್ರಿ ಬಂತು. ಪುಸ್ತಕದಲ್ಲಿ 110.6 ಇದೆ. ಎರಡು ಸಲ ಮಾಡಿದರೂ ಅಷ್ಟೇ. ತಪ್ಪು ಎಲ್ಲಾಗಿದೆ?

ಉತ್ತರ: ತಪ್ಪೇ ಆಗಿಲ್ಲ. ರೆಕಾರ್ಡಿನಲ್ಲಿ 107 ಎಂದೇ ಬರೆಯಿರಿ. ಪುಸ್ತಕದ ಅಂಕಿಯನ್ನು ನಕಲು ಮಾಡಿ ಪೂರ್ಣ ಅಂಕ ಗಿಟ್ಟಿಸುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಬೆಂಗಳೂರಿನಲ್ಲಿ ಕುಳಿತು ನೇರವಾಗಿ 110.6 ಕಂಡವರನ್ನೇ ನಾನಾದರೆ ಅನುಮಾನಿಸುತ್ತೇನೆ.

ನೀವು ಮಾಡಿದ್ದು ಕ್ಯಾಪಿಲರಿ ವಿಧಾನವಿರಬೇಕು. ಚಿಕ್ಕ ಕೊಳವೆಯಲ್ಲಿ ಕೆಲವೇ ಹನಿ ದ್ರವ, ಅದರೊಳಗೆ ಮೇಲ್ತುದಿ ಮುಚ್ಚಿ ಕೆಳತುದಿ ತೆರೆದಿರುವ ಕ್ಯಾಪಿಲರಿ, ಅಂದರೆ ತೀರ ಸಪೂರವಾದ ಗಾಜಿನ ನಳಿಕೆ. ಕೊಳವೆಯನ್ನು ಥರ್ಮಾಮೀಟರಿಗೆ ಕಟ್ಟಿ ಲಿಕ್ವಿಡ್ ಪ್ಯಾರಾಫಿನ್‌ನಲ್ಲಿಳಿಸಿ ನಿಧಾನವಾಗಿ ಕಾಯಿಸುತ್ತೇವೆ. ಮೊದಲು ಒಂದೊಂದಾಗಿ ಬರುವ ಗುಳ್ಳೆ ಒಳಗಿದ್ದ ಗಾಳಿಯದು. ಅದನ್ನು ಕಂಡು ಅವಸರಪಡಬಾರದು. ಗುಳ್ಳೆಗಳು ಎಡೆಬಿಡದೆ ಮಣಿಸರದಂತೆ ಹೊರಟ ಮೇಲೆ ಬರ್ನರ್ ತೆಗೆಯಬೇಕು. ಸರ ನಿಧಾನವಾಗುತ್ತದೆ, ಕೊನೆಯ ಗುಳ್ಳೆ ಕ್ಯಾಪಿಲರಿಯ ಬಾಯಲ್ಲೇ ತಡವರಿಸಿ ನಿಲ್ಲುತ್ತದೆ, ದ್ರವ ಒಳಗೆ ಏರತೊಡಗುತ್ತದೆ. ಆ ಕ್ಷಣದ ತಾಪಮಾನವೇ ಕುದಿಬಿಂದು. ಒಳಗಿನ ಆವಿಯ ಒತ್ತಡವೂ ಹೊರಗಿನ ಗಾಳಿಯ ಒತ್ತಡವೂ ಸರಿಸಮವಾಗುವುದು ಆಗಲೇ.

ಹೊರಗಿನ ಗಾಳಿ ಎಂದೆನಲ್ಲ, ನಿಮ್ಮ ಮೂರೂವರೆ ಡಿಗ್ರಿ ಹೋಗಿರುವುದು ಅಲ್ಲಿಗೇ. 110.6 ಎಂಬುದು 760 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ಸಲ್ಲುವ ಅಂಕಿ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಒತ್ತಡ 680ರ ಆಸುಪಾಸು. ಇಲ್ಲಿ ನೀರು ಕೂಡ ನೂರರವರೆಗೆ ಕಾಯುವುದಿಲ್ಲ, 97ಕ್ಕೇ ಕುದಿದುಬಿಡುತ್ತದೆ.

ಲೆಕ್ಕ ಹಾಕಿ ನೋಡಿ. ಕಡಿಮೆಯಾದ ಒತ್ತಡ 80 ಮಿಲಿಮೀಟರ್. ಕೆಲ್ವಿನ್‌ನಲ್ಲಿ ನಿಮ್ಮ ಕುದಿಬಿಂದು 380 (107ಕ್ಕೆ 273 ಕೂಡಿಸಿದಾಗ). ಎರಡನ್ನೂ ಗುಣಿಸಿ, ಬಂದದ್ದನ್ನು 0.00012ರಿಂದ ಗುಣಿಸಿದರೆ 3.6 ಸಿಗುತ್ತದೆ. 107ಕ್ಕೆ ಕೂಡಿಸಿ. ನೀರು, ಆಲ್ಕೊಹಾಲ್‌ಗಳಿಗಾದರೆ 0.00010 ಬಳಸಬೇಕು. ಇದು ಅಂದಾಜಿನ ಸೂತ್ರ, ಆದರೆ ಕಾಲೇಜಿನ ಥರ್ಮಾಮೀಟರಿಗೆ ಧಾರಾಳವಾಯಿತು.

ಒತ್ತಡವನ್ನು ಮಾತ್ರ ಮೊಬೈಲಿನ ಹವಾಮಾನ ಆ್ಯಪ್‌ನಿಂದ ತೆಗೆದುಕೊಳ್ಳಬೇಡಿ. ಅದು ತೋರಿಸುವ 1010, 1013 ಹೆಕ್ಟೊಪಾಸ್ಕಲ್ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ, ಅಂದರೆ 760 ಮಿಲಿಮೀಟರಿನ ಆಸುಪಾಸು. ಅದನ್ನು ನಂಬಿದರೆ ತಿದ್ದುವುದಕ್ಕೆ ಏನೂ ಉಳಿಯುವುದಿಲ್ಲ. ಪ್ರಯೋಗಾಲಯದ ಗೋಡೆಯ ಮೇಲೆ ದೂಳು ಹಿಡಿದಿರುವ ಬ್ಯಾರೋಮೀಟರನ್ನು ಒರೆಸಿ ಓದಿ.

ಇದೇ 107 ಮಂಗಳೂರಿನಲ್ಲಿ ಬಂದಿದ್ದರೆ ಮಾತೇ ಬೇರೆ. ಆಗ ಥರ್ಮಾಮೀಟರನ್ನೋ ಟಾಲುಯೀನ್ ಬಾಟಲಿಯನ್ನೋ ಅನುಮಾನಿಸಬೇಕಿತ್ತು.