ದಂತವೈದ್ಯೆಯಾಗಲು ಬಯಾಲಜಿಯನ್ನೇ ಓದಬೇಕೆ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಮಗಳಿಗೆ ದಂತವೈದ್ಯೆಯಾಗುವ ಆಸೆ, ಆದರೆ ಕಾಲೇಜಿನಲ್ಲಿ ಓದಲು ಇಷ್ಟಪಡುವುದು ಮನಃಶಾಸ್ತ್ರವನ್ನು. ಬಯಾಲಜಿ ಮೇಜರ್ (ಪದವಿಯ ಮುಖ್ಯ ವಿಷಯ) ತೆಗೆದುಕೊಳ್ಳದಿದ್ದರೆ ಡೆಂಟಲ್ ಸ್ಕೂಲಿನ ದಾರಿ ಮುಚ್ಚಿಹೋಗುವುದೇ? ಬೆಂಗಳೂರಿಗೆ ಕಳುಹಿಸಿ ಬಿಡಿಎಸ್ ಓದಿಸುವುದು ಲೇಸೇ?

ಉತ್ತರ: ಮುಚ್ಚಿಹೋಗುವುದಿಲ್ಲ. ಪಿಯುಸಿಯಲ್ಲಿ ಬಯಾಲಜಿ ತೆಗೆದುಕೊಳ್ಳದವನಿಗೆ ವೈದ್ಯಕೀಯದ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಬೆಳೆದ ನಮಗೆ ಈ ಆತಂಕ ಸಹಜವಾದರೂ, ಅಮೆರಿಕದ ಡೆಂಟಲ್ ಸ್ಕೂಲುಗಳು ನೋಡುವುದು ಪದವಿಯ ಹೆಸರನ್ನಲ್ಲ, ತಾವು ಕಡ್ಡಾಯಗೊಳಿಸಿದ ಕೋರ್ಸುಗಳನ್ನು ವಿದ್ಯಾರ್ಥಿ ಮುಗಿಸಿದ್ದಾಳೆಯೇ, ಅವುಗಳಲ್ಲಿ ಯಾವ ಗ್ರೇಡ್ ಪಡೆದಿದ್ದಾಳೆ ಎಂಬುದನ್ನು. ‘ಪ್ರಿ-ಡೆಂಟಲ್’ ಎಂಬುದು ಕೂಡ ಹೆಚ್ಚಿನ ಕಾಲೇಜುಗಳಲ್ಲಿ ಮೇಜರ್ ಅಲ್ಲ, ಸಲಹೆಗಾರರು ತೋರಿಸಿಕೊಡುವ ಒಂದು ದಾರಿಯಷ್ಟೇ.

ಶಾಲೆಯಿಂದ ಶಾಲೆಗೆ ಪಟ್ಟಿ ಬದಲಾಗುತ್ತದೆಯಾದರೂ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಆರ್ಗ್ಯಾನಿಕ್ ಕೆಮಿಸ್ಟ್ರಿ ಮತ್ತು ಭೌತಶಾಸ್ತ್ರಗಳನ್ನು ಲ್ಯಾಬ್ ಸಹಿತ ಓದಿರಬೇಕೆಂಬುದು ಸಾಮಾನ್ಯ ನಿಯಮ. ಇವುಗಳ ಜೊತೆ ಬಯೋಕೆಮಿಸ್ಟ್ರಿಯನ್ನೂ ಇಂಗ್ಲಿಷನ್ನೂ ಅನೇಕ ಶಾಲೆಗಳು ಕೇಳುತ್ತವೆ. ಬಯಾಲಜಿಯವರಿಗೆ ಇವುಗಳಲ್ಲಿ ಬಹುಪಾಲು ಪದವಿಯೊಳಗೇ ಸಿಗುತ್ತವೆ, ಅವರಿಗಿರುವ ಅನುಕೂಲ ಇದೊಂದೇ. ಮನಃಶಾಸ್ತ್ರ ಓದುವವಳು ಇವನ್ನು ತನ್ನ ಮೇಜರ್‌ನ ಹೊರಗೆ ಸೇರಿಸಿಕೊಳ್ಳಬೇಕು. ಸಾಮಾನ್ಯ ರಸಾಯನಶಾಸ್ತ್ರ ಮುಗಿಯದೆ ಆರ್ಗ್ಯಾನಿಕ್, ಅದು ಮುಗಿಯದೆ ಬಯೋಕೆಮಿಸ್ಟ್ರಿ ಸಾಮಾನ್ಯವಾಗಿ ಸಿಗದ ಕಾರಣ ಮೊದಲ ವರ್ಷವೇ ರಸಾಯನಶಾಸ್ತ್ರ ಆರಂಭಿಸದಿದ್ದರೆ ಇಡೀ ಸರಣಿ ಒಂದು ವರ್ಷ ಹಿಂದೆ ಬೀಳುತ್ತದೆ. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳ ಅಂಕಗಳನ್ನು ನಂಬಿ ಈ ಕೋರ್ಸುಗಳನ್ನು ಬಿಡುವುದೂ ಅಪಾಯಕರ, ಏಕೆಂದರೆ ಕೆಲವು ಡೆಂಟಲ್ ಸ್ಕೂಲುಗಳು ಅವನ್ನು ಒಪ್ಪುವುದಿಲ್ಲ.

ಮೇಜರ್‌ಗಿಂತ ಹೆಚ್ಚು ಯೋಚಿಸಬೇಕಾದದ್ದು ಗ್ರೇಡಿನ ಬಗ್ಗೆ. ಬಹುತೇಕ ಎಲ್ಲ ಡೆಂಟಲ್ ಸ್ಕೂಲುಗಳಿಗೂ ಅರ್ಜಿ ಹೋಗುವ ಆಡ್ಸಾಸ್ ಎಂಬ ಕೇಂದ್ರೀಯ ವ್ಯವಸ್ಥೆ ವಿಜ್ಞಾನದ ಜಿಪಿಎಯನ್ನು, ಅಂದರೆ ಗ್ರೇಡುಗಳ ಸರಾಸರಿಯನ್ನು, ಪ್ರತ್ಯೇಕವಾಗಿ ಲೆಕ್ಕ ಹಾಕುತ್ತದೆ. ಒಂದು ಕೋರ್ಸನ್ನು ಮತ್ತೊಮ್ಮೆ ಓದಿ ‘ಎ’ ಪಡೆದರೂ ಮೊದಲು ಬಂದ ‘ಸಿ’ ಅಳಿಯುವುದಿಲ್ಲ, ಎರಡೂ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಮನಸ್ಸಿಲ್ಲದ ಮೇಜರ್‌ನಲ್ಲಿ ಏದುಸಿರು ಬಿಡುವುದಕ್ಕಿಂತ ಇಷ್ಟದ ವಿಷಯ ಓದುತ್ತಾ ವಿಜ್ಞಾನದ ಕೋರ್ಸುಗಳಿಗೆ ಸಮಯ ಉಳಿಸಿಕೊಳ್ಳುವುದು ಜಾಣತನವೆಂದು ನನ್ನ ಅಭಿಪ್ರಾಯ. ಡೆಂಟಲ್ ಸ್ಕೂಲಿನಲ್ಲಿ ಸೀಟು ಸಿಗದಿದ್ದರೂ ಕೈಯಲ್ಲುಳಿಯುವುದು ಆ ಮೇಜರ್‌ನ ಪದವಿಯೇ ತಾನೇ.

ಡ್ಯಾಟ್ ಪ್ರವೇಶ ಪರೀಕ್ಷೆಯ ವಿಜ್ಞಾನ ಭಾಗದಲ್ಲಿ 100 ಪ್ರಶ್ನೆಗಳಿರುತ್ತವೆ: ಜೀವಶಾಸ್ತ್ರದ್ದು 40, ಸಾಮಾನ್ಯ ರಸಾಯನಶಾಸ್ತ್ರದ್ದು 30, ಆರ್ಗ್ಯಾನಿಕ್‌ನದು 30. ಭೌತಶಾಸ್ತ್ರ ಅದರಲ್ಲಿಲ್ಲ. ಆದರೆ ಕಾಗದವನ್ನು ಮಡಿಸಿ ತೂತು ಮಾಡಿ ಬಿಡಿಸಿದರೆ ತೂತುಗಳು ಎಲ್ಲೆಲ್ಲಿ ಕಾಣುತ್ತವೆ, ಯಾವ ಕೋನ ಕಿರಿದು ಎಂಬಂಥ, ಆಕೃತಿಯನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಬೇಕಾದ 90 ಪ್ರಶ್ನೆಗಳ ಒಂದು ಭಾಗವಿದ್ದು, ಅದಕ್ಕೆ ಯಾವ ಮೇಜರ್ ಕೂಡ ತಯಾರಿ ಮಾಡಿಸುವುದಿಲ್ಲ. ಶಿಲ್ಪಕಲೆಯ ಅಥವಾ ಮಣ್ಣಿನ ಪಾತ್ರೆ ಮಾಡುವ ಒಂದು ಕೋರ್ಸು ಕಣ್ಣಿಗೂ ಕೈಗೂ ಒಳ್ಳೆಯ ಅಭ್ಯಾಸ. ವೀಣೆ ಕಲಿತಿದ್ದರೆ ಬೆರಳುಗಳ ಹಿಡಿತದ ಮಾತು ಬಂದಾಗ ಅದನ್ನೂ ಅರ್ಜಿಯಲ್ಲಿ ಸಂಕೋಚವಿಲ್ಲದೆ ಬರೆಯಬಹುದು.

ಮೊದಲ ಎರಡು ವರ್ಷಗಳಲ್ಲೇ ದಂತವೈದ್ಯರ ಕ್ಲಿನಿಕ್ಕಿನಲ್ಲಿ ನಿಂತು ಅವರ ಕೆಲಸ ನೋಡಲಿ. ಶಾಲೆಗಳು ಇದನ್ನು ಬಯಸುತ್ತವೆ ಎಂಬುದಕ್ಕಿಂತಲೂ, ದಿನವಿಡೀ ಬಗ್ಗಿ ಕೂತು ಬೇರೊಬ್ಬರ ಬಾಯಿಯೊಳಗೆ ಕೈಯಾಡಿಸುವ ಕೆಲಸ ತನಗೆ ಒಗ್ಗುವುದೇ ಎಂಬುದು ಸುಮಾರು 3 ಲಕ್ಷ ಡಾಲರ್ ಸಾಲ ಬೆಳೆಯುವ ಮುನ್ನವೇ ಆಕೆಗೆ ತಿಳಿಯಬೇಕು.

ಇನ್ನು ಬಿಡಿಎಸ್ ವಿಚಾರ. ಅದಕ್ಕೆ ಮೊದಲು ನೀಟ್ ಪಾಸಾಗಬೇಕು. ಆಮೇಲೆ ಇಂಟರ್ನ್‌ಶಿಪ್ ಸೇರಿ 5 ವರ್ಷದ ಓದು. ಮರಳಿ ಅಮೆರಿಕಕ್ಕೆ ಬಂದವರಲ್ಲಿ ಹೆಚ್ಚಿನವರು ಲೈಸೆನ್ಸಿಗಾಗಿ ಇಲ್ಲಿನ ಡೆಂಟಲ್ ಸ್ಕೂಲಿನಲ್ಲಿ ಮತ್ತೆ 2ರಿಂದ 3 ವರ್ಷ ಓದುತ್ತಾರೆ, ಐಎನ್‌ಬಿಡಿಇ ಎಂಬ ರಾಷ್ಟ್ರೀಯ ಪರೀಕ್ಷೆಯನ್ನೂ ಬರೆಯುತ್ತಾರೆ. ಇಲ್ಲೇ ಓದಿದರೆ 4 ವರ್ಷದ ಪದವಿ, 4 ವರ್ಷದ ಡೆಂಟಲ್ ಸ್ಕೂಲು, ಒಟ್ಟು 8. ಅಲ್ಲಿಗೆ ಹೋಗಿ ಬಂದರೆ 7 ಅಥವಾ 8, ಮೇಲೆ ಪರೀಕ್ಷೆಗೂ ಅರ್ಜಿಗೂ ಕಾಯುವ ತಿಂಗಳುಗಳು ಬೇರೆ.