ಪದ ಪರಿಚಯ: ಮೀಟರಿಂಗ್

ಬೇಸಿಗೆಯ ಶುರುವಿನಲ್ಲಿ ಒಂದು ಒಳ್ಳೆಯ ಹೂಮಳೆ ಬಿದ್ದರೆ ಸಾಕು. ಎಂಟು ಹತ್ತು ದಿನಕ್ಕೆ ಚಿಕ್ಕಮಗಳೂರಿನ ಕಾಫಿ ತೋಟಗಳು ಬೆಳ್ಳಗಾಗಿಬಿಡುತ್ತವೆ. ಆ ಹೂವಿನ ಫೋಟೊ ತೆಗೆಯಲು ಹತ್ತಿರ ಹೋಗುತ್ತೀರಿ. ಕಣ್ಣಿಗೆ ಮಲ್ಲಿಗೆಯಷ್ಟು ಬಿಳಿ ಕಂಡದ್ದು ಫೋಟೊದಲ್ಲಿ ಮಾಸಿದ ಪಂಚೆಯ ಬಣ್ಣಕ್ಕೆ ಬಂದಿರುತ್ತದೆ. ನಾಲ್ಕು ಹೆಜ್ಜೆ ಹಿಂದೆ ಬಂದು ಇಡೀ ಗಿಡ ತೆಗೆದರೆ ಉಲ್ಟಾ. ಹೂವಿನ ಜಾಗದಲ್ಲಿ ಸುಣ್ಣ ಎರಚಿದ ಹಾಗೆ ಬರೀ ಬಿಳಿ, ಎಸಳೇ ಕಾಣುವುದಿಲ್ಲ. ಅದೇ ಗಿಡ, ಅದೇ ಬಿಸಿಲು, ಅದೇ ಕ್ಯಾಮರಾ. ಹೀಗೇಕೆ?

ಉತ್ತರ ಇರುವುದು ಮೀಟರಿಂಗ್ ಅನ್ನುವ ಪದದಲ್ಲಿ. ಮೀಟರಿಂಗ್ ಅಂದರೆ ಬೆಳಕಿನ ಅಳತೆ. ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಲೆನ್ಸಿನ ಕಿಂಡಿ ಎಷ್ಟು ಅಗಲ ಇರಬೇಕು, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಎಷ್ಟಿರಬೇಕು ಅಂತ ತೀರ್ಮಾನಿಸುವ ಮೊದಲು ಕ್ಯಾಮರಾ ಎದುರಿನ ಬೆಳಕನ್ನು ಅಳೆಯುತ್ತದೆ. ಮ್ಯಾನುಯಲ್ ಮೋಡಿನಲ್ಲೂ ಅಳೆಯುತ್ತದೆ. ಆಗ ಜಾಸ್ತಿಯಾಯಿತೋ ಕಡಿಮೆಯಾಯಿತೋ ಅಂತ ತೋರಿಸಿ ಸುಮ್ಮನಾಗುತ್ತದೆ, ಮುಂದಿನದು ನಿಮಗೆ ಬಿಟ್ಟದ್ದು.

ಈ ಅಳತೆಯಲ್ಲಿ ಒಂದು ತೊಡಕಿದೆ. ಶೂಟಿಂಗ್ ನಡೆಯುವ ಕಡೆ ನಟರ ಮುಖದ ಹತ್ತಿರ ಬಿಳಿ ಬುರುಡೆಯ ಒಂದು ಪುಟ್ಟ ಸಾಧನ ಹಿಡಿಯುವುದನ್ನು ನೋಡಿರಬಹುದು. ಅದು ಮುಖದ ಮೇಲೆ ಬೀಳುವ ಬೆಳಕನ್ನು ಅಳೆಯುತ್ತದೆ. ಕ್ಯಾಮರಾದೊಳಗಿನ ಮೀಟರಿಗೆ ಆ ಭಾಗ್ಯ ಇಲ್ಲ. ಅದು ದೂರದಲ್ಲಿ ನಿಂತಿದೆ. ಅದಕ್ಕೆ ಸಿಗುವುದು ವಸ್ತುವಿಗೆ ಬಡಿದು ವಾಪಸ್ ಬಂದ ಬೆಳಕು ಮಾತ್ರ. ಎದುರಿಗಿರುವುದು ನೆರಳಿನಲ್ಲಿರುವ ಬಿಳಿ ಗೋಡೆಯೋ ಬಿಸಿಲಿನಲ್ಲಿರುವ ಕಪ್ಪು ಕಲ್ಲೋ, ಅದಕ್ಕೆ ಗೊತ್ತಾಗುವುದು ಕಷ್ಟ. ಅದಕ್ಕೇ ಒಂದು ಅಂದಾಜು ಇಟ್ಟುಕೊಂಡಿದೆ: ಕಂಡದ್ದೆಲ್ಲ ಸರಾಸರಿಯಲ್ಲಿ ನಡುಮಟ್ಟದ ಬೂದು. ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ವಾಪಸ್ ಕಳಿಸುವ ಗ್ರೇ ಕಾರ್ಡ್ ಸಿಗುತ್ತದಲ್ವಾ, ಹೆಚ್ಚೂಕಡಿಮೆ ಆ ಬಣ್ಣ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಗಾದೆಯನ್ನು ಕ್ಯಾಮರಾದಷ್ಟು ನಂಬಿದವರು ಬೇರೆ ಯಾರೂ ಇಲ್ಲ.

ಈಗ ಕಾಫಿ ಹೂವಿಗೆ ಬನ್ನಿ. ಹತ್ತಿರದಿಂದ ತೆಗೆದಾಗ ಫ್ರೇಮ್ ತುಂಬ ಬಿಳಿ. ಬೆಳಕು ಜಾಸ್ತಿಯಾಯಿತು ಅಂದುಕೊಂಡು ಕ್ಯಾಮರಾ ತಗ್ಗಿಸಿತು, ಬಿಳಿ ಬೂದಾಯಿತು. ಇಡೀ ಗಿಡ ತೆಗೆದಾಗ ಫ್ರೇಮಿನ ಮುಕ್ಕಾಲು ಪಾಲು ಕಡು ಹಸಿರು ಎಲೆ. ಕತ್ತಲೆ ಅಂದುಕೊಂಡು ಏರಿಸಿತು, ಹೂವು ಸುಟ್ಟುಹೋಯಿತು.

ಮೀಟರಿಂಗ್ ಮೋಡ್ ಅಂದರೆ ಎಲ್ಲಿ ನೋಡಿ ಅಳೆಯಬೇಕು ಅಂತ ಕ್ಯಾಮರಾಗೆ ಹೇಳುವುದು. ಅಷ್ಟೇ. ಅಲ್ಲಿರುವುದು ಬಿಳಿಯೋ ಕಪ್ಪೋ ಅಂತ ತಿಳಿಸುವುದು ಬೇರೆ ಕೆಲಸ. ಅದಕ್ಕೆ ಪ್ಲಸ್-ಮೈನಸ್ ಗುರುತಿನ ಎಕ್ಸ್‌ಪೋಷರ್ ಕಾಂಪನ್ಸೇಷನ್ ಇದೆ. ಮೋಡ್ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡೇ ಎಷ್ಟೋ ಜನ ಎಡವುವುದು.

ಮ್ಯಾಟ್ರಿಕ್ಸ್ ಮೋಡ್ ಇಡೀ ಫ್ರೇಮನ್ನು ತುಂಡು ತುಂಡಾಗಿ ಅಳೆದು, ಹೋಲಿಸಿ ಲೆಕ್ಕ ಹಾಕುತ್ತದೆ. ನಿಕಾನ್ 1983ರಲ್ಲಿ ಎಫ್‌ಎ ಕ್ಯಾಮರಾದಲ್ಲಿ ಇದನ್ನು ತಂದಾಗ ಇದ್ದದ್ದು ಐದೇ ಭಾಗ. ಈಗ ಎಷ್ಟೋ ಪಟ್ಟು ಹೆಚ್ಚಾಗಿದೆ. ಕ್ಯಾನನ್‌ನವರು ಇದನ್ನೇ ಎವ್ಯಾಲ್ಯುಯೇಟಿವ್ ಅನ್ನುತ್ತಾರೆ, ಸೋನಿಯವರು ಮಲ್ಟಿ. ನನ್ನ ಕ್ಯಾಮರಾ ಬಹುಪಾಲು ಇದರಲ್ಲೇ ಇರುತ್ತದೆ. ಸೆಂಟರ್ ವೆಯ್ಟೆಡ್ ಹಳೆಯ ಕಾಲದ್ದು. ಇಡೀ ಫ್ರೇಮ್ ನೋಡಿದರೂ ನಡುಭಾಗದ ಮಾತಿಗೆ ಬೆಲೆ ಜಾಸ್ತಿ. ಮಧ್ಯದಲ್ಲಿ ಒಬ್ಬರನ್ನು ನಿಲ್ಲಿಸಿ ತೆಗೆಯುವಾಗ ಚೆನ್ನ, ಅದಕ್ಕಿಂತ ಹೇಳುವುದೇನಿಲ್ಲ.

ಸ್ಪಾಟ್ ಬಗ್ಗೆ ಹೇಳುವುದಿದೆ. ಇದು ಫ್ರೇಮಿನ ನೂರರಲ್ಲಿ ಎರಡು ಮೂರು ಪಾಲಿನಷ್ಟು ಜಾಗ ಮಾತ್ರ ನೋಡುತ್ತದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಹೋಗಿ. ಸೂರಿನ ಕೆಳಗಿನ ಮದನಿಕೆಯನ್ನು ತಲೆಯೆತ್ತಿ ನೋಡಿದರೆ ಮೇಲೆ ಉರಿಯುವ ಆಕಾಶ, ಕೆಳಗೆ ನೆರಳಿನಲ್ಲಿ ಶಿಲ್ಪ. ಮ್ಯಾಟ್ರಿಕ್ಸ್ ಆಕಾಶಕ್ಕೆ ಹೆದರಿ ಮದನಿಕೆಯನ್ನು ಕಪ್ಪು ಆಕೃತಿ ಮಾಡಿಬಿಡಬಹುದು. ಸ್ಪಾಟ್ ಹಾಕಿ ಅವಳ ಮುಖದ ಮೇಲೆ ಅಳೆಯಿರಿ. ಒಡವೆಯ ಕೆತ್ತನೆ ಕಾಣಿಸಿಕೊಳ್ಳುತ್ತದೆ. ಆದರೆ ಬಳಪದ ಕಲ್ಲು ಅದರ ನಿಜ ಬಣ್ಣಕ್ಕಿಂತ ಪೇಲವವಾಗಿ ಬರುತ್ತದೆ. ಕಪ್ಪು ಕಲ್ಲನ್ನೂ ಬೂದಿಗೆ ಎಳೆದಿದೆಯಲ್ಲ! ಕಾಂಪನ್ಸೇಷನ್ ಮೈನಸ್ ಕಡೆಗೆ ಮುಕ್ಕಾಲರಿಂದ ಒಂದು ಸ್ಟಾಪಿನವರೆಗೆ ಇಳಿಸಿದರೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಕಲ್ಲು ಕಲ್ಲಾಗುತ್ತದೆ. ಆಕಾಶ ಬೆಳ್ಳಗೆ ಸುಟ್ಟುಹೋದರೆ ಹೋಗಲಿ. ನೀವು ಬಂದದ್ದು ಅದಕ್ಕಲ್ಲ.

ಗದ್ದೆಯಲ್ಲಿ ನಿಂತ ಬೆಳ್ಳಕ್ಕಿಗೆ ಇದರ ತದ್ವಿರುದ್ಧ. ಸ್ಪಾಟ್ ಹಕ್ಕಿಯ ಮೇಲಿರಲಿ, ಕಾಂಪನ್ಸೇಷನ್ ಪ್ಲಸ್ ಒಂದೂವರೆಯ ಸುಮಾರಿಗೆ. ಇನ್ನೊಂದು ವಿಷಯ. ಕೆಲವು ಕ್ಯಾಮರಾಗಳಲ್ಲಿ ಸ್ಪಾಟ್ ನೀವು ಆರಿಸಿದ ಫೋಕಸ್ ಪಾಯಿಂಟಿನ ಜೊತೆ ಓಡಾಡುತ್ತದೆ, ಕೆಲವದರಲ್ಲಿ ಮಧ್ಯ ಬಿಟ್ಟು ಅಲ್ಲಾಡುವುದಿಲ್ಲ. ನಿಮ್ಮದು ಯಾವುದು ಅಂತ ತಿಳಿದಿರಬೇಕು. ಮಧ್ಯದಲ್ಲೇ ಇರುವುದಾದರೆ ಹಕ್ಕಿಯನ್ನು ನಡುವಿಗೆ ತಂದು ಅಳೆದು, ಆ ಅಳತೆ ಬದಲಾಗದ ಹಾಗೆ ಹಿಡಿದಿಡುವ ಎಇ ಲಾಕ್ ಗುಂಡಿ ಒತ್ತಿ ಹಿಡಿದು, ಆಮೇಲೆ ಫ್ರೇಮ್ ಸರಿಮಾಡಿಕೊಳ್ಳಿ.

ಹೀಗೆ ಬೆಳ್ಳಕ್ಕಿ ತೆಗೆದ ಮಾರನೇ ದಿನ ನಾನು ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಸ್ಪಾಟ್ ತೆಗೆಯಲು ಮರೆತಿದ್ದೆ. ಒಂದೇ ಗುಂಪು, ಒಂದೇ ಅಂಗಳ. ಚುಕ್ಕೆ ಮಾವನವರ ಬಿಳಿ ಶರ್ಟಿನ ಮೇಲೆ ಬಿದ್ದಾಗ ಎಲ್ಲರ ಮುಖ ಕಪ್ಪು, ಅಜ್ಜಿಯ ಕಪ್ಪು ಸೀರೆಯ ಮೇಲೆ ಬಿದ್ದಾಗ ಎಲ್ಲರೂ ದೆವ್ವಗಳು. ಕ್ಯಾಮರಾ ಕೆಟ್ಟಿತು ಅಂತ ರಿಪೇರಿಗೆ ಬೇರೆ ಒಯ್ದಿದ್ದೆ.

ಮೋಡ್ ಬದಲಿಸಿ ಪ್ರಯೋಜನ ಇಲ್ಲದ ಜಾಗಗಳೂ ಇವೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಮಂಜು ಮುಚ್ಚಿದಾಗ ಎಲ್ಲಿ ನೋಡಿದರೂ ಬಿಳಿ. ಯಾವ ಮೋಡ್ ಹಾಕಿದರೂ ಅಳೆಯುವುದು ಮಂಜನ್ನೇ, ಫೋಟೊ ಸಂಜೆಯ ಹಾಗೆ ಮಂಕಾಗುತ್ತದೆ. ಮ್ಯಾಟ್ರಿಕ್ಸಿನಲ್ಲೇ ಬಿಟ್ಟು ಪ್ಲಸ್ ಒಂದು ಮಾಡಿ, ಮುಗಿಯಿತು. ಶೃಂಗೇರಿ, ಕೊಪ್ಪದ ಕಡೆ ರಾತ್ರಿ ಯಕ್ಷಗಾನ ನೋಡುವವರಿಗೆ ಇನ್ನೊಂದು ದಾರಿಯಿದೆ. ಹಿಂದೆ ಕತ್ತಲೆ, ವೇಷದ ಮೇಲೆ ದೀಪ, ಕುಣಿಯುವವರ ಹಿಂದೆ ಸ್ಪಾಟ್ ಓಡಿಸಲು ಆಗುವುದಿಲ್ಲ. ಹೈಲೈಟ್ ವೆಯ್ಟೆಡ್ ಅನ್ನುವ ಮೋಡ್ ಅತಿ ಬೆಳಗುವ ಭಾಗ ಸುಡದ ಹಾಗೆ ಕಾಯುತ್ತದೆ. ನಿಕಾನ್ 2014ರಲ್ಲಿ ಡಿ810ರಲ್ಲಿ ಇದನ್ನು ಕೊಟ್ಟಿತು. ಮುಖದ ಬಣ್ಣಗಾರಿಕೆ ಉಳಿಯುತ್ತದೆ, ನೆರಳು ಸ್ವಲ್ಪ ಕಪ್ಪಾಗುತ್ತದೆ.

ಮೊಬೈಲಿನವರು ಇದೆಲ್ಲ ತಮಗಲ್ಲ ಅಂದುಕೊಳ್ಳಬೇಕಿಲ್ಲ. ಪರದೆಯ ಮೇಲೆ ಹೂವನ್ನು ಮುಟ್ಟಿದಾಗ ಫೋಕಸ್ ಜೊತೆಗೆ ಅಳತೆಯೂ ಅಲ್ಲಿಗೆ ಹೋಗುತ್ತದೆ. ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಬಂದರೆ ಅದೇ ನಿಮ್ಮ ಪ್ಲಸ್-ಮೈನಸ್. ಹತ್ತಿರದಿಂದ ತೆಗೆದ ಕಾಫಿ ಹೂವಿಗೆ ಅದನ್ನು ಮೇಲಕ್ಕೆ ಎಳೆಯಿರಿ, ಇಡೀ ಗಿಡಕ್ಕೆ ಕೆಳಕ್ಕೆ. ಬೇಗ ಹೋಗಿ, ಹೂವು ಎರಡು ಮೂರು ದಿನಕ್ಕೆ ಕಂದಿಬಿಡುತ್ತದೆ.