ಆರ್‌ಪಿಎಂ ಮುಳ್ಳಿಗೆ ಟ್ಯೂಬ್‌ಲೈಟಿನ ಸಾಕ್ಷಿ

ಎಂಜಿನ್ ಸದ್ದು ಹದವಾಗಿದೆ, ಆಕ್ಸಿಲರೇಟರ್ ಮೇಲೆ ಕಾಲಿಲ್ಲ. ಆದರೂ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮುಳ್ಳು 1500ರ ಹತ್ತಿರ. ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಗ್ಯಾರೇಜಿಗೆ ಒಯ್ದರೆ "ಮೀಟರ್ ಹೋಗೇತ್ರಿ ಸರ, ಹೊಸಾದ್ ಹಾಕೋಣ್ರಿ" ಎಂಬ ಮಾತು ಬಂದೀತು. ದುಡ್ಡು ಬಿಚ್ಚುವ ಮುಂಚೆ ಮುಳ್ಳು ಯಾವ ಲೆಕ್ಕದಲ್ಲಿ ತಪ್ಪುತ್ತಿದೆ ಎಂದು ನೋಡಿ.

ಹಳೆಯ ಪೆಟ್ರೋಲ್ ಕಾರಿನಲ್ಲಿ ಈ ಮೀಟರ್ ಎಣಿಸುವುದು ಇಗ್ನಿಷನ್ ಕಾಯಿಲ್ ಹೊಡೆಯುವ ಕಿಡಿಗಳನ್ನು. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಪ್ರತಿ ಸುತ್ತಿಗೂ ಎರಡು ಕಿಡಿ, ಮೂರು ಸಿಲಿಂಡರಿನದರಲ್ಲಿ ಒಂದೂವರೆ. ನಾಲ್ಕರ ಮೀಟರನ್ನು ಮೂರರ ಗಾಡಿಗೆ ಕೂರಿಸಿದರೆ 1000 ಇದ್ದದ್ದು 750 ಆಗುತ್ತದೆ, 4000 ಇದ್ದದ್ದು 3000. ಮೀಟರ್ ಕೆಟ್ಟಿಲ್ಲ, ಎಣಿಕೆ ಹೊಂದುತ್ತಿಲ್ಲ ಅಷ್ಟೇ. ಹಳೆಯ ಡೀಸೆಲ್ ಗಾಡಿಗಳಲ್ಲಿ ಕಿಡಿಯೇ ಇಲ್ಲವಲ್ಲ, ಎಷ್ಟೋ ಕಡೆ ಸಿಗ್ನಲ್ ಬರುವುದು ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಿಂದ. ಅಲ್ಲಿ ಬೆಲ್ಟ್ ಜಾರಿದರೂ ಮುಳ್ಳು ಇಳಿಯುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಕುಣಿದರೆ ಮೊದಲು ಅರ್ಥಿಂಗ್ ನೋಡಿಸಿ.

ಸರಿ, ಎಂಜಿನ್ನಿನ ನಿಜವಾದ ವೇಗ ಗೊತ್ತಾಗುವುದು ಹೇಗೆ? ಗ್ಯಾರೇಜಿನ ಹಳೇ ಟ್ಯೂಬ್‌ಲೈಟ್ ಸಾಕು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಹಾಗಾಗಿ ಹಳೇ ಚೋಕಿನ ಟ್ಯೂಬ್ ಪ್ರತಿ ಏರಿಳಿತಕ್ಕೆ ಎರಡರಂತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎಂಜಿನ್ ಆಫ್ ಇರುವಾಗ ಕ್ರ್ಯಾಂಕ್ ಪುಲ್ಲಿಯ (ಎಂಜಿನ್ ಜೊತೆಗೇ ಸುತ್ತುವ ಬೆಲ್ಟಿನ ಚಕ್ರ) ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಕತ್ತಲಾದ ಮೇಲೆ, ಆ ಟ್ಯೂಬಿನ ಬೆಳಕೊಂದರಲ್ಲೇ ಎಂಜಿನ್ ಚಾಲೂ ಮಾಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ತೋಳು ಬೆಲ್ಟಿನಿಂದ ದೂರ ಇರಲಿ. ಒಬ್ಬರು ನಿಧಾನವಾಗಿ ಆಕ್ಸಿಲರೇಟರ್ ಒತ್ತುತ್ತಾ ಹೋದಂತೆ ಒಂದು ಗಳಿಗೆಯಲ್ಲಿ ಪುಲ್ಲಿಯ ಮೇಲೆ ನಾಲ್ಕು ಮಸುಕು ಗೆರೆ ಅಲ್ಲಾಡದೆ ನಿಲ್ಲುತ್ತವೆ. ಅದು 1500. ಎರಡು ಮಿನುಗಿನ ನಡುವೆ ಪುಲ್ಲಿ ಸರಿಯಾಗಿ ಕಾಲು ಸುತ್ತು ತಿರುಗಿದೆ. 2000ಕ್ಕೆ ಮೂರು ಗೆರೆ, 3000ಕ್ಕೆ ಎರಡು. ಗೆರೆಗಳು ಪುಲ್ಲಿ ತಿರುಗುವ ಕಡೆಗೇ ಮೆಲ್ಲಗೆ ಜರುಗಿದರೆ ವೇಗ ಒಂಚೂರು ಜಾಸ್ತಿ, ಹಿಂದಕ್ಕೆ ಜರುಗಿದರೆ ಕಡಿಮೆ. ಎಲ್‌ಇಡಿ ಬಲ್ಬು, ಎಲೆಕ್ಟ್ರಾನಿಕ್ ಚೋಕು ಇದಕ್ಕೆ ಒದಗುವುದಿಲ್ಲ.

ಈ ಸಾಕ್ಷಿಯನ್ನು ನಂಬಬಹುದು. ರಾಯಚೂರು–ಸೊಲ್ಲಾಪುರ ವಿದ್ಯುತ್ ಲೈನಿನ ಮೂಲಕ 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ (ವಿದ್ಯುತ್ ಜಾಲ) ದೇಶದ ಗ್ರಿಡ್‌ಗೆ ಸೇರಿತು. ಅಂದಿನಿಂದ ಹುಬ್ಬಳ್ಳಿಯ ಕರೆಂಟಿಗೂ ದಿಲ್ಲಿಯ ಕರೆಂಟಿಗೂ ಒಂದೇ ಲಯ. ಅದು 50ರಿಂದ ಅತ್ತಿತ್ತ ಸರಿಯುವುದು ಬಹಳ ಕಡಿಮೆ.

1500ರಲ್ಲಿ, 3000ದಲ್ಲಿ ಮುಳ್ಳು ಎಲ್ಲಿತ್ತು ಅಂತ ಬರೆದುಕೊಳ್ಳಿ. 2000 ಮತ್ತು 4000 ಬಂದರೆ, ಎರಡೂ ಮೂರನೇ ಒಂದು ಪಾಲು ಹೆಚ್ಚು, ಅದು ಎಣಿಕೆಯ ತಪ್ಪು. 1800 ಮತ್ತು 3300 ಬಂದರೆ, ಎರಡು ಕಡೆಯೂ ಅದೇ 300 ಹೆಚ್ಚು, ಮುಳ್ಳು ಜರುಗಿ ಕೂತಿರುವ ಸಂಭವವೇ ಜಾಸ್ತಿ.

ಈಗಿನ ಕಾರುಗಳಲ್ಲಿ ಇಷ್ಟೆಲ್ಲ ಬೇಕಿಲ್ಲ. ಕ್ರ್ಯಾಂಕ್ ಸೆನ್ಸರ್ ಎಂಜಿನ್ ಜೊತೆ ಸುತ್ತುವ ಚಕ್ರದ ಹಲ್ಲು ಎಣಿಸಿ ಕಾರಿನ ಕಂಪ್ಯೂಟರಿಗೆ ಹೇಳುತ್ತದೆ, ಅದು ಮೀಟರ್ ಬೋರ್ಡಿಗೆ ದಾಟಿಸುತ್ತದೆ. ಆ ಕಂಪ್ಯೂಟರಿನ ಲೆಕ್ಕ ಓದುವ ಗ್ಯಾರೇಜಿನ ಸ್ಕ್ಯಾನರ್ 800 ಅನ್ನುವಾಗ ಮುಳ್ಳು 1200 ಅಂದರೆ, ಮುಳ್ಳು ತಿರುಗಿಸುವ ಪುಟ್ಟ ಮೋಟಾರನ್ನೇ ಮೊದಲು ಅನುಮಾನಿಸಿ. ಆಗ ಬೋರ್ಡ್ ಬಿಚ್ಚಿಸಲು ಅಡ್ಡಿಯಿಲ್ಲ.